ಬಿಳಿ ಹೂವಿನ ಕಳೆ ನನ್ನನ್ನು ಹೊರಗಿಟ್ಟ ವರ್ಷ

ನನ್ನ ಮೊಮ್ಮಗಳು ಕಾವ್ಯಳ ಕೋಣೆಯಲ್ಲಿ ಈಗ ಕಾಲಿಡಲು ಜಾಗವಿಲ್ಲ. ಕಿಟಕಿಯ ಹತ್ತಿರ ಗಾಜಿನ ಸಣ್ಣ ಸಣ್ಣ ತಟ್ಟೆಗಳು, ಅವುಗಳಲ್ಲಿ ಒದ್ದೆ ಕಾಗದ, ಕಾಗದದ ಮೇಲೆ ಕಣ್ಣಿಗೆ ಕಂಡೂ ಕಾಣದಂಥ ಬೀಜ. ಯಾವ ಬೀಜ ಎಷ್ಟು ಬಿಸಿಲಿಗೆ ಮೊಳೆಯುತ್ತದೆ, ಎಷ್ಟು ನೀರಿಗೆ ಮೊಳೆಯುತ್ತದೆ, ಉಪ್ಪುನೀರು ಹಾಕಿದರೂ ಹಟ ಮಾಡಿ ಮೊಳೆಯುತ್ತದೆಯೇ ಎಂದು ನೋಡುವುದು ಅವಳ ಓದು. ಹೀಗೂ ಒಂದು ಓದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು. ಆದರೆ ಸಂತೋಷಪಡುವುದಕ್ಕೆ ಓದು ಬೇಕೇ? ತುಮಕೂರಿನ ನಮ್ಮ ಬೀದಿಗೆ ಬರುವ ತರಕಾರಿ ಗಾಡಿಯವನಿಗೂ ಹೇಳಿಬಿಟ್ಟಿದ್ದೇನೆ, ನನ್ನ ಮೊಮ್ಮಗಳು ಬೀಜಗಳ ಡಾಕ್ಟರಾಗುತ್ತಾಳೆ ಎಂದು. ಅವನು ಆವತ್ತು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದ.

ಮೊನ್ನೆ ಮಳೆ ನಿಂತ ಮೇಲೆ ಅವಳು ಪಕ್ಕದ ಖಾಲಿ ಸೈಟಿನಿಂದ ಒಂದು ಗಿಡವನ್ನು ಬೇರು ಸಮೇತ ಕಿತ್ತು ತಂದಳು. ಕೈಗೆ ರಬ್ಬರಿನ ಗ್ಲೌಸು ಹಾಕಿಕೊಂಡಿದ್ದಳು, ಪುಣ್ಯ. ಅವಳು ಹೊಸ್ತಿಲು ದಾಟುವ ಮುಂಚೆ ವಾಸನೆ ದಾಟಿತು. ಕಹಿಯಾದ, ಹಸಿಯಾದ, ಮೂಗಿನ ಮೇಲುಭಾಗಕ್ಕೆ ಹೋಗಿ ಕೂತುಬಿಡುವ ವಾಸನೆ. ನಾನು ಗೋಡೆಗೆ ಒತ್ತಿಕೊಂಡು ನಿಂತೆ.

“ಏನಜ್ಜಿ, ಹಾವು ಕಂಡೋಳ ಥರ ಮಾಡ್ತೀಯಲ್ಲ. ಕಾಂಗ್ರೆಸ್ ಗಿಡ ಕಣಜ್ಜಿ ಇದು, ಪಾರ್ಥೇನಿಯಂ.”

“ಗೊತ್ತು ಕಣೇ. ನಿಮ್ಮಪ್ಪನ್ನ ನನ್ನ ಮಡಿಲಿಂದ ಕಿತ್ಕೊಂಡಿದ್ದು ಇದೇಯ.”

ಅವಳು ಗಿಡವನ್ನು ಹೊರಗಿಟ್ಟು, ಕೈ ತೊಳೆದು ಬಂದು, ನನ್ನನ್ನು ಕೂರಿಸಿಕೊಂಡು ಕೇಳಿದಳು. ನಾನು ಹೇಳಿದೆ. ಹಿಂದಿನದು ಮುಂದೆ, ಮುಂದಿನದು ಹಿಂದೆ ಆಯಿತು. ಬರೆದುಬಿಡಜ್ಜಿ ಅಂದಳು. ನನ್ನ ಮೊಮ್ಮಗಳು ನನಗೆ ಬರೆ ಅಂದಿದ್ದಾಳೆ. ಇದಕ್ಕಿಂತ ಇನ್ನೇನು ಬೇಕು? ಬರೆಯುತ್ತಿದ್ದೇನೆ.

ನಾನು ಕುಣಿಗಲ್ ಕಡೆಯ ಕೊತ್ತಗೆರೆಯಲ್ಲಿ ಹುಟ್ಟಿದವಳು. ಮದುವೆಯಾಗಿ ಬಂದದ್ದು ಗುಬ್ಬಿ ತಾಲೂಕಿಗೆ, ನಿಟ್ಟೂರಿನ ಮಗ್ಗುಲಿನ ಹಳ್ಳಿಗೆ. ಮನೆಯಲ್ಲಿ ನಮ್ಮತ್ತೆ ನಿಂಗಮ್ಮ, ನಮ್ಮ ಯಜಮಾನರು, ನಾನು, ಅಷ್ಟೇ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಆಗ ಹುಟ್ಟಿದವನು ಮೂರ್ತಿ, ಈ ಕಾವ್ಯಳ ಅಪ್ಪ. ನಮ್ಮ ಹೊಲದ ಕೊನೆಗೆ ರೈಲು ಕಂಬಿ ಇತ್ತು. ಆ ಗಿಡ ಮೊದಲು ಕಂಬಿಯ ಪಕ್ಕದಲ್ಲಿ ಮಾತ್ರ ಬೆಳೆಯುತ್ತಿತ್ತು. ಗೂಡ್ಸ್ ಗಾಡಿಯ ಗೋಧಿ ಮೂಟೆಯಿಂದ ಉದುರಿದ ಬೀಜ ಅನ್ನುತ್ತಿದ್ದರು ಕೆಲವರು. ಎಲೆ ನೋಡಿದರೆ ಸೇವಂತಿಗೆಯ ನೆಂಟನ ಹಾಗೆ, ಹೂವು ಪುಟ್ಟದು, ಬಿಳಿ. ಊರಿನ ಹುಡುಗಿಯರು ಕನಕಾಂಬರದ ಮಧ್ಯೆ ಅದನ್ನು ಸೇರಿಸಿ ದಂಡೆ ಕಟ್ಟುತ್ತಿದ್ದರು. ಚೆನ್ನಾಗಿಯೇ ಕಾಣುತ್ತಿತ್ತು.

ನಮ್ಮ ಕಡೆ ಕೊಟ್ಟಿಗೆಗೆ ಸೊಪ್ಪು ಹಾಸುವುದು ರೂಢಿ. ದನದ ಗಂಜಲ, ಸಗಣಿ ಸೇರಿ ಆ ಸೊಪ್ಪು ತಿಪ್ಪೆಗೆ ಹೋಗಿ, ಕೊಳೆತು, ಮುಂದಿನ ಮುಂಗಾರಿಗೆ ಹೊಲಕ್ಕೆ ಗೊಬ್ಬರವಾಗುತ್ತದೆ. ಹೊಂಗೆ ಸೊಪ್ಪಿಗೆ, ತಂಗಡಿ ಸೊಪ್ಪಿಗೆ ದೂರ ಹೋಗಬೇಕಿತ್ತು. ಈ ಗಿಡ ಬಾಗಿಲಿಗೆ ಬಂದು ನಿಂತಿತ್ತು. ಮುಳ್ಳಿಲ್ಲ, ಕೇಳುವವರಿಲ್ಲ. ದೇವರು ಕಳಿಸಿದ್ದು ಅಂದರು ಅತ್ತೆ. ಅತ್ತೆ ಸೊಸೆ ಇಬ್ಬರೂ ಹೂ ಬಿಟ್ಟು ಬಲಿತ ಗಿಡವನ್ನು ಹೊರೆ ಹೊರೆ ಕೊಯ್ದು ತಂದು ಹಾಸಿದೆವು. ಪಕ್ಕದ ಮನೆಯವರು ನಮ್ಮನ್ನು ನೋಡಿ ಅವರೂ ಶುರು ಮಾಡಿದರು. ತಿಪ್ಪೆಯ ಬಿಸಿಗೆ ಎಲೆ ಕೊಳೆಯಿತು, ಕಾಂಡ ಕೊಳೆಯಿತು. ಬೀಜ ಮಾತ್ರ ಸುಮ್ಮನೆ ಕಾದುಕೊಂಡು ಕೂತಿತ್ತು. ಅದು ನಮಗೆ ಗೊತ್ತಾಗಲಿಲ್ಲ.

ಮುಂಗಾರಿಗೆ ಗೊಬ್ಬರ ಹೊಡೆದೆವು, ಉತ್ತೆವು, ರಾಗಿ ಬಿತ್ತಿದೆವು. ಮಳೆ ಬಂತು. ರಾಗಿ ತಲೆ ಎತ್ತುವ ಮುಂಚೆ ಹೊಲವೆಲ್ಲ ಹಸಿರಾಯಿತು. ನಮ್ಮ ಯಜಮಾನರು ಬದುವಿನ ಮೇಲೆ ನಿಂತು, ಈ ವರ್ಷ ಎಷ್ಟು ಬೇಗ ಮೊಳೆತಿದೆ ನೋಡು ಅಂದರು. ಹತ್ತಿರ ಹೋಗಿ ಕೂತು ನೋಡಿದರೆ ಅದು ರಾಗಿಯಲ್ಲ. ನಾವೇ ಹೊತ್ತು ತಂದು, ನಾವೇ ಸಾಕಿ, ನಾವೇ ಬಿತ್ತಿದ ಬಿಳಿ ಹೂವಿನ ಗಿಡ.

ಕಳೆ ಕೀಳುವ ಕೆಲಸ ನನ್ನದಾಯಿತು. ಮಗುವನ್ನು ಹೊಂಗೆ ಮರಕ್ಕೆ ಕಟ್ಟಿದ ಸೀರೆ ತೊಟ್ಟಿಲಲ್ಲಿ ಮಲಗಿಸಿ, ಬೆಳಗಿನಿಂದ ಸಂಜೆಯವರೆಗೆ ಬರಿಗೈಯಲ್ಲಿ ಕಿತ್ತೆ. ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆಗೆ ಹೋಗುವಷ್ಟರಲ್ಲಿ ಹಿಂದೆ ಮತ್ತೆ ಮೊಳಕೆ. ಶ್ರಾವಣದ ಹೊತ್ತಿಗೆ ಕಣ್ಣಿನ ರೆಪ್ಪೆ ಉರಿಯತೊಡಗಿತು. ಆಮೇಲೆ ಕತ್ತು, ಮೊಣಕೈ ಒಳಭಾಗ, ಬೆರಳ ಸಂದು. ಕೆರೆದು ಕೆರೆದು ಚರ್ಮ ದಪ್ಪವಾಯಿತು, ಕಪ್ಪಾಯಿತು, ಬಿರುಕು ಬಿಟ್ಟು ನೀರು ಬಂತು. ಮುಖ ಊದಿಕೊಂಡಿತು. ಅರಿಸಿನ ಹಚ್ಚಿದರು, ಬೇವಿನ ನೀರಲ್ಲಿ ಮೀಯಿಸಿದರು. ಮೈ ತಣ್ಣಗಾದ ಹಾಗಾಗಿ, ಹೊಲಕ್ಕೆ ಹೋಗಿ ಬಂದರೆ ಮತ್ತೆ ಅದೇ.

ಊರಿನಲ್ಲಿ ಪಿಸುಮಾತು ಶುರುವಾಯಿತು. ಕುಷ್ಠ ಅನ್ನುವ ಮಾತನ್ನು ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. ದೊಡ್ಡ ರೋಗ ಅನ್ನುತ್ತಿದ್ದರು. ಬಾವಿಕಟ್ಟೆಯಲ್ಲಿ ನಾನು ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಯಾರೂ ಬರಲಿಲ್ಲ. ಹಬ್ಬದ ಮರುದಿನ ಅತ್ತೆ ಬಂದು, ನಾನು ಹಾಲು ಕುಡಿಸುತ್ತಿದ್ದಾಗಲೇ, ಎರಡು ಕೈ ಚಾಚಿದರು.

“ಮಗೀನ ಕೊಡವ್ವ ಇಲ್ಲಿ. ನೀನು ಕಣದ ಗುಡ್ಲಲ್ಲಿ ಇರು. ವಾಸಿ ಆಗ್ಲಿ, ಆಮೇಲೆ ನೋಡವ.”

ಸಿಟ್ಟಿನಿಂದ ಹೇಳಿದ ಮಾತಲ್ಲ. ಅವರಿಗೂ ಅದೊಂದೇ ಮೊಮ್ಮಗು. ಇವತ್ತು ನಾನೂ ಅಜ್ಜಿ, ಆ ಹೆದರಿಕೆ ಈಗ ನನಗೆ ಅರ್ಥವಾಗುತ್ತದೆ. ಅವತ್ತು ಅರ್ಥವಾಗಿರಲಿಲ್ಲ. ಮಗುವಿಗೆ ಹತ್ತು ತಿಂಗಳು. ಎದೆಯಲ್ಲಿ ಹಾಲು ಕಟ್ಟಿಕೊಂಡು ಜ್ವರ ಬಂದು, ನಾನು ಗುಡ್ಲಿನ ನೆಲದ ಮೇಲೆ ಉರುಳಾಡಿದ್ದು ಯಾರಿಗೂ ಗೊತ್ತಿಲ್ಲ.

ಕಣದ ಗುಡ್ಲು ಹೊಲದ ಆಚೆ ತುದಿಯಲ್ಲಿ, ಕಂಬಿಯ ಹತ್ತಿರ ಇತ್ತು. ಸುಗ್ಗಿಯಲ್ಲಿ ರಾಗಿ ಕಾಯಲು ಕಟ್ಟಿದ ಸೋಗೆಯ ಗುಡ್ಲು. ರಾಗಿ ಕಣಕ್ಕೆ ಬರುವ ಹೊತ್ತಿಗೆ ಅದು ಖಾಲಿಯಾಗಬೇಕು. ಅಷ್ಟರೊಳಗೆ ಮೈ ಸರಿಯಾದರೆ ಮನೆಗೆ, ಇಲ್ಲದಿದ್ದರೆ ಕೊತ್ತಗೆರೆಯಲ್ಲಿರುವ ನನ್ನ ಅಣ್ಣನ ಮನೆಗೆ. ಮಗು ಇಲ್ಲೇ ಉಳಿಯುವುದು. ಇದನ್ನು ಕೂತು ತೀರ್ಮಾನ ಮಾಡಿದವರು ಯಾರೂ ಇಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ನಮ್ಮ ಯಜಮಾನರಿಗೆ ಇನ್ನೊಂದು ಹೆಣ್ಣು ನೋಡಬೇಕೆಂಬ ಮಾತೂ ಗಾಳಿಯಲ್ಲಿ ಬಂದು ನನ್ನ ಕಿವಿಗೆ ಬಿತ್ತು. ಅವರು ಮಾತು ಕಡಿಮೆಯ ಮನುಷ್ಯ. ಹೌದು ಅಂದರೋ ಇಲ್ಲ ಅಂದರೋ ತಿಳಿಯಲಿಲ್ಲ.

ಗುಡ್ಲಿನಿಂದ ಸ್ವಲ್ಪ ದೂರದಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ಅತ್ತೆ ಮುದ್ದೆ, ಸಾರು ತಂದು ಕಲ್ಲಿನ ಮೇಲಿಟ್ಟು, ಒಂದು ಸಲ ಕೆಮ್ಮಿ ಹೋಗುವರು. ಆ ಕೆಮ್ಮೇ ನನ್ನನ್ನು ಊಟಕ್ಕೆ ಕರೆಯುವ ಮಾತು. ದಿನಕ್ಕೆ ಎರಡು ರೈಲು ಹೋಗುತ್ತಿದ್ದವು. ಕಿಟಕಿಯಲ್ಲಿ ಕೂತವರು ನನ್ನ ಕಡೆ ನೋಡುತ್ತಿದ್ದರು, ಅವರಿಗೆ ನಾನು ಹೊಲದಲ್ಲಿ ನಿಂತ ಒಬ್ಬ ಹೆಂಗಸು ಮಾತ್ರ. ಒಂದು ದಿನ ಯಾರೋ ಒಬ್ಬ ತಾಯಿ ತನ್ನ ಮಗುವಿನ ಕೈ ಹಿಡಿದು ನನ್ನ ಕಡೆಗೆ ಟಾಟಾ ಮಾಡಿಸಿದಳು. ಅವತ್ತೆಲ್ಲ ಆ ಒಂದು ಟಾಟಾದಲ್ಲೇ ಹೊತ್ತು ಕಳೆದೆ.

ಗುಡ್ಲಿನ ಸುತ್ತ ಬಿಳಿ ಹೂವಿನ ಗಿಡ ಎದೆಯೆತ್ತರ ಬೆಳೆದಿತ್ತು. ಸುಮ್ಮನೆ ಕೂತು ಉಣ್ಣುತ್ತಾಳೆ ಅಂದಾರು ಎಂದು ಅದನ್ನೂ ಕೀಳತೊಡಗಿದೆ. ಮನೆಯವರು ದೂರದಿಂದ ನೋಡಲಿ, ನನ್ನ ಕೈಯಲ್ಲಿ ಇನ್ನೂ ಬಲವಿದೆ ಅಂದುಕೊಳ್ಳಲಿ ಎಂಬ ಆಸೆ. ಮಾತಿಗೆ ಬೇರೆ ಯಾರೂ ಇಲ್ಲದಿದ್ದುದರಿಂದ ಅದರ ಜೊತೆಯಲ್ಲೇ ಮಾತಾಡುತ್ತಿದ್ದೆ, ಬೈಯುತ್ತಿದ್ದೆ. ಕಾವ್ಯ ಈಗ ತಟ್ಟೆಯಲ್ಲಿ ನೋಡುವುದನ್ನೆಲ್ಲ ಆಗ ನನ್ನ ಕಾಲ ಬುಡದಲ್ಲಿ ನೋಡಿದೆ. ಒಂದು ಹದ ಮಳೆ ಬಿದ್ದರೆ ಸಾಕು, ವಾರದೊಳಗೆ ರಾಗಿ ಚೆಲ್ಲಿದಷ್ಟು ಒತ್ತಾಗಿ ಮೊಳಕೆ ಏಳುತ್ತಿತ್ತು. ಮಳೆ ಕೈಕೊಟ್ಟರೆ ಸಾಯುತ್ತಿರಲಿಲ್ಲ. ಎಲೆಗಳನ್ನು ತಟ್ಟೆಯ ಹಾಗೆ ನೆಲಕ್ಕೆ ಅಂಟಿಸಿಕೊಂಡು ಮಲಗಿಬಿಡುತ್ತಿತ್ತು, ಮತ್ತೆ ಹನಿ ಬಿದ್ದಾಗ ಎದ್ದು ನಿಲ್ಲುತ್ತಿತ್ತು. ತೀರಾ ಒಣಗಿದ ನೆಲದಲ್ಲಿ ಗೇಣುದ್ದವೂ ಬೆಳೆಯದೆ, ಇನ್ನು ಕಾಲವಿಲ್ಲ ಎಂಬಂತೆ ಅವಸರವಾಗಿ ಹೂ ಬಿಟ್ಟು ಬೀಜ ಉದುರಿಸುತ್ತಿತ್ತು. ಕತ್ತರಿಸಿದ ಬುಡದಲ್ಲಿ ಮೂರು ಕವಲು ಒಡೆಯುತ್ತಿತ್ತು. ಎಂಥ ಕಷ್ಟಕ್ಕೂ ಇದು ಮೈ ಒಗ್ಗಿಸಿಕೊಂಡಿದೆ, ನಾನು ಯಾಕೆ ಒಗ್ಗಿಸಿಕೊಳ್ಳಲಾರೆ ಅಂದುಕೊಂಡು ಕೀಳುತ್ತಿದ್ದೆ, ಕೆರೆದುಕೊಳ್ಳುತ್ತಿದ್ದೆ, ಅಳುತ್ತಿದ್ದೆ. ಮೈ ದಿನದಿಂದ ದಿನಕ್ಕೆ ಕೆಡುತ್ತಿತ್ತು.

ಸಂಜೆ ಅತ್ತೆ ಮಗುವನ್ನು ಎತ್ತಿಕೊಂಡು ಬದುವಿನ ಆಚೆ ಬಂದು ತೋರಿಸುತ್ತಿದ್ದರು. ನವರಾತ್ರಿಗೆ ಇನ್ನೇನು ಎರಡು ದಿನ ಇರಬೇಕು, ಹೀಗೇ ತೋರಿಸಲು ತಂದವರು ಅವನನ್ನು ಕೆಳಗೆ ಬಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು. ಅವನು ನಡೆದ. ಬಿದ್ದ, ಎದ್ದ, ಮತ್ತೆ ನಡೆದ. ನನ್ನ ಮಗ ಮೊದಲು ಹೆಜ್ಜೆ ಇಟ್ಟದ್ದನ್ನು ನಾನು ಹೊಲದ ಈಚೆ ದಡದಲ್ಲಿ ನಿಂತು ನೋಡಿದೆ. ಅವನು ನಡೆದದ್ದು ಅಜ್ಜಿಯ ಕಡೆಗೆ.

ಅದಾದ ಮೇಲೆ ಬಂದವರು ಖೈರಕ್ಕ. ಗುಬ್ಬಿಯ ಬಳೆಗಾರರ ಮನೆಯವರು, ಹೆಸರು ಖೈರುನ್ನೀಸಾ. ಬಳೆಯ ಬುಟ್ಟಿ ಹೊತ್ತು, ನಿಟ್ಟೂರಿಗೆ ರೈಲಿನಲ್ಲಿ ಬಂದಿಳಿದು, ಸುತ್ತಲ ಹಳ್ಳಿ ತಿರುಗುವರು. ಕಣದ ಕಡೆ ಹೋಗಬೇಡ ಎಂದು ಊರಿನಲ್ಲಿ ಹೇಳಿದ್ದರಂತೆ. ಅವರು ನೇರ ಬಂದು, ಚಪ್ಪಡಿ ಕಲ್ಲು ದಾಟಿ, ಗುಡ್ಲಿನ ಬಾಗಿಲಲ್ಲಿ ಬುಟ್ಟಿ ಇಳಿಸಿದರು. ನಾನು ಹಿಂದೆ ಸರಿದೆ.

“ಹಬ್ಬದ್ ದಿನ ಕೈ ಬೋಳ್ಸ್‌ಕೊಂಡ್ ಕೂತಿದೀಯಲ್ಲ. ಕೊಡವ್ವ ಕೈನ.”

“ಬ್ಯಾಡ ಕಣಕ್ಕ. ನಂದು ದೊಡ್ಡ ರೋಗ ಅಂತಾರೆ.”

“ಅನ್ನೋರು ಡಾಕ್ಟ್ರಾ? ನಂಗೂ ಅರವತ್ತಾಯ್ತು, ಬಂದ್ರೆ ಎಷ್ಟ್ ದಿನ ಇದ್ದಾತು. ಕೊಡು.”

ನನ್ನ ಕೈ ಹಿಡಿದರು. ಬೆರಳುಗಳನ್ನು ಒಟ್ಟು ಮಾಡಿ, ಬಿರುಕು ಬಿಟ್ಟ ಜಾಗಕ್ಕೆ ತಗುಲದಂತೆ ಹಸಿರು ಬಳೆ ಒಂದೊಂದಾಗಿ ಏರಿಸಿದರು. ಗುಡ್ಲಿಗೆ ಬಂದ ದಿನದಿಂದ ಆವತ್ತಿನವರೆಗೆ ನನ್ನನ್ನು ಒಬ್ಬರೂ ಮುಟ್ಟಿರಲಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವರು ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ. ಅತ್ತರೆ ಕೈ ಅಲ್ಲಾಡುತ್ತದೆ, ಬಳೆ ಒಡೆದರೆ ನಿನ್ನ ಲೆಕ್ಕಕ್ಕೇ ಅಂದರು. ಅಳುವಿನ ಮಧ್ಯೆ ನಗು ಬಂತು. ಮಂಗಳವಾರ ಬಳೆ ತರಲು ತುಮಕೂರಿಗೆ ಹೋಗುತ್ತೇನೆ, ಜೊತೆಗೆ ಬಾ, ಆಸ್ಪತ್ರೆಗೆ ತೋರಿಸೋಣ ಅಂದರು. ಹೊರಗಿಟ್ಟವಳನ್ನು ಎಲ್ಲಿಗೆ ಹೋಗುತ್ತೀ ಎಂದು ಕೇಳುವವರು ಯಾರು? ಆದರೂ ಊಟದ ಕಲ್ಲಿನ ಹತ್ತಿರ ನಿಂತು ಅತ್ತೆಗೆ ಕೂಗಿ ಹೇಳಿದೆ. ಅವರು ಹೂಂ ಅಂದರು.

ಮಂಗಳವಾರ ಬೆಳಿಗ್ಗೆ ತಲೆ ಬಾಚಿಕೊಂಡೆ. ಮುತ್ತೈದೆ ಹೆಂಗಸು ಪಟ್ಟಣಕ್ಕೆ ಬರಿತಲೆಯಲ್ಲಿ ಹೋಗಬಾರದು. ಕನಕಾಂಬರ ಮನೆಯ ಹಿತ್ತಿಲಲ್ಲಿತ್ತು, ಅಲ್ಲಿಗೆ ನಾನು ಹೋಗುವ ಹಾಗಿಲ್ಲ. ಗುಡ್ಲಿನ ಸುತ್ತ ಇದ್ದದ್ದು ಒಂದೇ ಹೂವು. ಅದನ್ನೇ ಬಿಡಿಸಿ, ಬಾಳೆನಾರಿನಲ್ಲಿ ಒತ್ತಾಗಿ ದಂಡೆ ಕಟ್ಟಿ, ಮುಡಿದುಕೊಂಡು, ನನ್ನನ್ನು ಕರೆದೊಯ್ಯಲೆಂದೇ ನಿಟ್ಟೂರಿಗೆ ಬಂದಿದ್ದ ಖೈರಕ್ಕನ ಹಿಂದೆ ರೈಲು ಹತ್ತಿದೆ.

ಆಸ್ಪತ್ರೆಯ ಡಾಕ್ಟರು ಇನ್ನೂ ಹುಡುಗ. ಕಣ್ಣು ಮುಚ್ಚಿಕೊಳ್ಳಲು ಹೇಳಿ ಕಪ್ಪಾದ ಜಾಗದಲ್ಲೆಲ್ಲ ಗುಂಡುಸೂಜಿಯಿಂದ ಮೆತ್ತಗೆ ಚುಚ್ಚಿದರು. ಚುಚ್ಚಿದ ಕಡೆಯೆಲ್ಲ ನನಗೆ ಗೊತ್ತಾಯಿತು. ಆ ರೋಗವಾಗಿದ್ದರೆ ಅಲ್ಲಿ ಸ್ಪರ್ಶ ಸತ್ತಿರುತ್ತದೆ, ನೀವು ಹೆದರಿರುವ ಕಾಯಿಲೆ ಇದಲ್ಲ ಅಂದರು. ಖೈರಕ್ಕ ನನ್ನ ಬೆನ್ನಿಗೆ ಒಂದು ಗುದ್ದಿದರು. ಏನೇನು ಕೆಲಸ ಮಾಡುತ್ತೀಯ, ಏನೇನು ಮುಟ್ಟುತ್ತೀಯ ಎಂದು ಡಾಕ್ಟರು ಕೇಳಿದರು. ದನ, ಸಗಣಿ, ರಾಗಿ, ಒಲೆ ಬೂದಿ, ಎಲ್ಲ ಹೇಳಿದೆ. ಕಳೆಯ ಮಾತು ಬಾಯಿಗೇ ಬರಲಿಲ್ಲ. ಕಳೆ ಕೀಳುವುದನ್ನೂ ಒಂದು ಕೆಲಸ ಅಂತ ಯಾರು ಹೇಳುತ್ತಾರೆ? ಅವರು ಏನೋ ಬರೆಯಲು ಬಗ್ಗಿದವರು ತಲೆ ಎತ್ತಿ, ಮೂಗು ಸೇದಿ, ನನ್ನ ಹಿಂದಕ್ಕೆ ಬಂದು ನಿಂತರು.

“ತಲೇಲಿ ಏನಮ್ಮ ಇದು?”

“ಹೂವು ಸ್ವಾಮಿ.”

“ಎಲ್ಲಿಂದ ತಂದೆ?”

“ನಮ್ಮ ಗುಡ್ಲು ಸುತ್ತಾನೂ ಇದೇಯ. ದಿನಾ ಕಿತ್ತಾಕ್ತೀನಿ, ದಿನಾ ಬತ್ತದೆ.”

ಅವರು ಹಣೆ ಹಿಡಿದುಕೊಂಡು ಕೂತುಬಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು, ನನಗೆ ತಿಳಿಯುವ ಹಾಗೆ. ಈ ಗಿಡದ ರಸ, ಹೂವಿನ ಧೂಳು ಕೆಲವರ ಮೈಗೆ ಆಗುವುದಿಲ್ಲ. ನಿನ್ನಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಮುಲಾಮು ಕೊಡುತ್ತೇನೆ, ಆದರೆ ಗಿಡದ ನಡುವೆ ಇರುವವರೆಗೆ ಮುಲಾಮಿಗೆ ಬಲವಿಲ್ಲ. ದೂರ ಇರು. ಮುಟ್ಟಬೇಡ.

ನಾನು ಕೇಳಿದ್ದು ಒಂದೇ ಮಾತು, ಮಗುವನ್ನು ಎತ್ತಿಕೊಳ್ಳಬಹುದೇ ಎಂದು. ಇವತ್ತೇ ಎತ್ತಿಕೊ ಅಂದರು. ದಂಡೆಯನ್ನು ಅಲ್ಲೇ ಕಿತ್ತು ಬಿಸಾಕಿ, ನಲ್ಲಿಯ ಕೆಳಗೆ ತಲೆಗೆ ನೀರು ಸುರಿದುಕೊಂಡೆ.

ರೈಲಿನಲ್ಲಿ ಬರುವಾಗ ನನ್ನ ಸಂತೋಷವನ್ನು ಏನು ಹೇಳಲಿ. ಗುಬ್ಬಿಯಲ್ಲಿ ಇಳಿಯುವಾಗ ಖೈರಕ್ಕ ನನ್ನ ಗಲ್ಲ ಹಿಂಡಿ ಹೋದರು. ಊರು ಸೇರಿ, ನೇರ ಮನೆಯ ಮುಂದೆ ಹೋಗಿ ನಿಂತು, ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅತ್ತೆ ಮಗುವನ್ನು ಒಳಗೆ ಕೂರಿಸಿ, ಬಾಗಿಲಿಗೆ ಅಡ್ಡ ನಿಂತರು.

“ಗಿಡ ಕಚ್ತದೇನವ್ವ ಎಲ್ಲಾರಾ? ನಿನ್ ಜೊತೆ ನಾನೂ ಕೊಯ್ದಿವ್ನಿ, ನಾನೂ ಹೊತ್ತಿವ್ನಿ. ನಂಗ್ಯಾಕೆ ಬರ್ಲಿಲ್ಲ?”

ಒಳಗಿನಿಂದ ಮಗು ನನ್ನನ್ನು ನೋಡಿತು. ಯಾರೋ ಬಂದಿದ್ದಾರೆ ಎಂಬ ಹಾಗೆ ನೋಡಿ, ಆಟಕ್ಕೆ ತಿರುಗಿತು. ನಾನು ಗುಡ್ಲಿಗೆ ವಾಪಸು ಹೋದೆ. ಹೋಗುವಾಗಿನ ದಾರಿ ಬರುವಾಗಿನ ದಾರಿಗಿಂತ ಉದ್ದವಿತ್ತು. ಎರಡೂ ಕಡೆ ಆ ಬಿಳಿ ಹೂವು. ಅದೇ ಕಾಯಿಲೆಯ ಬೇರು ಎಂದು ಗೊತ್ತಾದ ಮೇಲೆ, ಅದರ ನಡುವೆ ಮಲಗುವುದು ಇನ್ನೂ ಕಷ್ಟವಾಯಿತು. ಕೀಳುವ ಹಾಗಿಲ್ಲ, ಬಿಡುವ ಹಾಗಿಲ್ಲ.

ಮಾರನೆಯ ಬೆಳಿಗ್ಗೆ ಕರ ಕರ ಸದ್ದಿಗೆ ಎದ್ದೆ. ನಮ್ಮ ಯಜಮಾನರು. ಕೈಗೆ ಗೋಣಿತಾಟು ಸುತ್ತಿಕೊಂಡು, ಸಲಿಕೆಯಲ್ಲಿ ಗುಡ್ಲಿನ ಸುತ್ತ ಕೆರೆಯುತ್ತಿದ್ದರು. ಬಾಗಿಲಿನಿಂದ ಆಚೆ ಬರಬೇಡ ಎಂದು ಕೈಸನ್ನೆ ಮಾಡಿದರು. ಕಿತ್ತದ್ದನ್ನೆಲ್ಲ ಗಾಳಿ ನನ್ನ ಕಡೆ ಬೀಸದ ಹೊತ್ತು ನೋಡಿ ದೂರ ಸಾಗಿಸಿ ಹೂತರು. ಈ ಸಲ ತಿಪ್ಪೆಗೆ ಹಾಕಲಿಲ್ಲ. ಮುಗಿಯಿತು ಅಂದುಕೊಂಡೆ. ಹಿಂಗಾರಿನ ಒಂದು ಮಳೆ ಬಿತ್ತು, ನೆಲದ ತುಂಬ ಮತ್ತೆ ಮೊಳಕೆ. ಅವರು ಮತ್ತೆ ಬಂದರು, ಮತ್ತೆ ಕೆರೆದರು. ಇನ್ನೊಂದು ಮಳೆ, ಇನ್ನೊಂದು ಸಲ. ನೆಲದೊಳಗೆ ಎಷ್ಟು ಬೀಜವಿತ್ತೋ ಆ ದೇವರಿಗೇ ಗೊತ್ತು. ಎಲ್ಲ ಒಟ್ಟಿಗೆ ಮೊಳೆಯುವುದಿಲ್ಲ ಅದು, ಸ್ವಲ್ಪ ಸ್ವಲ್ಪವೇ ಸರದಿ ಕಾದುಕೊಂಡು ಮೇಲೆ ಬರುತ್ತದೆ. ಅವರೂ ಸರದಿ ತಪ್ಪಿಸಲಿಲ್ಲ. ಒಂದು ದಿನ ಕೆರೆದ ನೆಲಕ್ಕೆ ಹುರುಳಿ ತಂದು ಒತ್ತೊತ್ತಾಗಿ ಎರಚಿದರು. ಬಳ್ಳಿ ಹಬ್ಬಿ ನೆಲ ಮುಚ್ಚಿದರೆ ಅದಕ್ಕೆ ಬಿಸಿಲು ಸಿಗಲ್ಲ ಅಂದರು. ಅಲ್ಲಿಯವರೆಗೆ ಅವರು ನನ್ನ ಜೊತೆ ಆಡಿದ ಉದ್ದದ ಮಾತು ಅದೇ. ಇನ್ನೊಂದು ಹೆಣ್ಣಿನ ಮಾತು ನಿಜವೋ ಸುಳ್ಳೋ ಎಂದು ನಾನು ಅವರನ್ನು ಕೇಳಲಿಲ್ಲ. ಕೇಳುವ ಅಗತ್ಯ ಬೀಳಲಿಲ್ಲ.

ಹುರುಳಿ ಹಬ್ಬಿತು. ಮುಲಾಮು ಹಚ್ಚಿದೆ. ಮೊದಲು ರೆಪ್ಪೆಯ ಊತ ಇಳಿಯಿತು, ಆಮೇಲೆ ನೀರು ಸೋರುವುದು ನಿಂತಿತು. ಅತ್ತೆ ಇದನ್ನು ನೋಡುತ್ತಿದ್ದರು. ಊಟದ ತಟ್ಟೆ ಚಪ್ಪಡಿ ಕಲ್ಲಿನಿಂದ ಹುರುಳಿಯ ಅಂಚಿಗೆ ಬಂತು. ಅಲ್ಲಿಂದ ಬಾಗಿಲಿಗೆ ಬಂತು. ಅಷ್ಟರಲ್ಲಿ ಮೇವು ಕಡಿಮೆಯಾಗಿ, ಹಸು ಬದುವಿನ ಆ ಗಿಡಕ್ಕೆ ಬಾಯಿ ಹಾಕಿ, ಹಾಲು ಕಹಿಯಾಯಿತು. ಮಗು ಒಂದು ಗುಟುಕು ಕುಡಿದು ಉಗಿಯಿತಂತೆ. ಅತ್ತೆ ತಾವೂ ಕುಡಿದು ನೋಡಿ, ಲೋಟ ಕೆಳಗಿಟ್ಟು, ಎದ್ದುಹೋಗಿ ಹಸುವನ್ನು ಬೇರೆ ಕಡೆ ಕಟ್ಟಿ ಬಂದರಂತೆ. ಇದನ್ನು ನಮ್ಮ ಯಜಮಾನರು ನಗುತ್ತಾ ನನಗೆ ಹೇಳಿದರು.

ರಾಗಿ ಕೊಯ್ಲು ಶುರುವಾಯಿತು. ಇನ್ನು ಮೆದೆ ಹಾಕಿದ ತೆನೆ ಸಂಕ್ರಾಂತಿ ಕಳೆದು ಕಣಕ್ಕೆ ಬರುವುದೊಂದೇ ಬಾಕಿ. ಒಂದು ಮಧ್ಯಾಹ್ನ ಅತ್ತೆ ಮಗುವನ್ನು ಎತ್ತಿಕೊಂಡು ಗುಡ್ಲಿನ ಒಳಗೇ ಬಂದು, ನನ್ನ ತೊಡೆಯ ಮೇಲೆ ಕೂರಿಸಿದರು. ಅವನು ಕಿಟಾರನೆ ಕಿರುಚಿ, ಅಜ್ಜಿಯ ಸೆರಗು ಹಿಡಿದು ಹತ್ತಿಬಿಟ್ಟ. ನನ್ನ ಹಾಲು ಕುಡಿದವನು. ನಾನು ತಲೆ ತಗ್ಗಿಸಿ ಕೂತೆ. ಚರ್ಮ ವಾಸಿಯಾಗಿತ್ತು, ಮಗ ಮರೆತಿದ್ದ. ಇದಕ್ಕೆ ಯಾವ ಡಾಕ್ಟರು ಮುಲಾಮು ಕೊಡುತ್ತಾರೆ?

“ಮರ್ತವ್ನೆ ಬುಡು. ಮಗ ತಾನೆ, ಕಲೀತಾನೆ,” ಅಂದರು ಅತ್ತೆ.

ಮರುದಿನ ಚಾಪೆ ತಂದರು. ಅಲ್ಲಿಂದ ದಿನಾ ಮಧ್ಯಾಹ್ನ ಊಟವಾದ ಮೇಲೆ ಬಂದು, ಗುಡ್ಲಿನಲ್ಲಿ ಚಾಪೆ ಹಾಸಿ, ಮಗುವನ್ನು ನಡುವೆ ಮಲಗಿಸಿಕೊಂಡು ನನ್ನ ಪಕ್ಕ ಮಲಗುತ್ತಿದ್ದರು. ಅವನು ನನಗೆ ಬೆನ್ನು ಹಾಕಿ ಅವರನ್ನು ತಬ್ಬಿ ಮಲಗುವನು. ನಾನು ಮುಟ್ಟುತ್ತಿರಲಿಲ್ಲ. ಅವನ ಉಸಿರು ಕೇಳುತ್ತಾ ಸುಮ್ಮನೆ ಇರುತ್ತಿದ್ದೆ. ಅತ್ತೆ ಊರಿನ ಸುದ್ದಿಯನ್ನೆಲ್ಲ ಹೇಳುವರು, ಬೇಕೆಂದೇ ನನ್ನಿಂದ ಮಾತಾಡಿಸುವರು, ಅವನ ಕಿವಿಗೆ ನನ್ನ ದನಿ ಬೀಳಲಿ ಎಂದು. ಸೆರಗಿನಲ್ಲಿ ಹುರಿಗಡಲೆ ಕಟ್ಟಿಕೊಂಡು ಬಂದು ನನ್ನ ಕೈಗೆ ಕೊಡುವರು, ಅವನು ತಿನ್ನಬೇಕಾದರೆ ನನ್ನ ಕೈಯಿಂದಲೇ ತಿನ್ನಬೇಕು.

ಸಂಕ್ರಾಂತಿಯ ಹಿಂದುಮುಂದಿನ ಒಂದು ಮಧ್ಯಾಹ್ನ. ನನಗೆ ಜೊಂಪು ಹತ್ತಿತ್ತು. ಕತ್ತಿನ ಮೇಲೆ, ಚರ್ಮ ಇನ್ನೂ ಒರಟಾಗಿ ಉಳಿದಿದ್ದ ಜಾಗದಲ್ಲಿ, ಏನೋ ಮೆತ್ತಗೆ ಆಡಿದಂತಾಯಿತು. ಕಣ್ಣು ತೆರೆದರೆ ಮಗು ನನ್ನ ಕಡೆ ತಿರುಗಿ ಮಲಗಿ, ಆ ಒರಟು ಜಾಗವನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡುತ್ತಿದ್ದ. ನಾನು ಅಲ್ಲಾಡಲಿಲ್ಲ. ಅವನು ಇನ್ನಷ್ಟು ಹತ್ತಿರ ಹೊರಳಿ, ಮುಖವನ್ನು ನನ್ನ ಕತ್ತಿಗೆ ಒತ್ತಿ, ಹಾಗೇ ನಿದ್ದೆ ಹೋದ.

ಅತ್ತೆ ಎಚ್ಚರವಾಗಿಯೇ ಇದ್ದರು. ಎಷ್ಟು ಹೊತ್ತು ನೋಡಿದರೋ ತಿಳಿಯದು. ಸದ್ದು ಮಾಡದೆ ಎದ್ದು, ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡರು.

“ಅವ್ನು ಎದ್ಮೇಲೆ ಎತ್ಕೊಂಡು ಮನೇಗ್ ಬಾ. ಬದುವಿನ್ ಮೇಲೆ ಮಾತ್ರ ಬರ್‌ಬ್ಯಾಡ ಕಣವ್ವ, ಅಲ್ಲಿ ಅದು ಹೂ ಬಿಟ್ಟದೆ. ಸುತ್ತಾದ್ರೂ ರಸ್ತೆ ಮೇಲೆ ಬಾ.”